ಸಿರಿಗುಂದದ ಗಿಡ್ಡ ಆನೆಗಳು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಸಿರಿಗುಂದ ಅಂತ ಒಂದು ರಾಜ್ಯ ಇತ್ತು. ಅಲ್ಲಿಯ ರಾಜ ವೀರಗಂಡ. ಮನುಷ್ಯ ಒಳ್ಳೆಯವನೇ, ಆದರೆ ಯಾರಾದರೂ ಹೊಗಳಿದರೆ ಬೆಣ್ಣೆಯ ಹಾಗೆ ಕರಗಿಬಿಡುತ್ತಿದ್ದ. ಅದನ್ನು ಚೆನ್ನಾಗಿ ಬಲ್ಲವನು ಬೊಕ್ಕಸದ ಮಂತ್ರಿ ಗುಂಡಪಯ್ಯ.

"ಮಹಾಪ್ರಭು, ಪಕ್ಕದ ರಾಜನ ಹತ್ತಿರ ಐವತ್ತು ಆನೆ ಇವೆಯಂತೆ. ತಮ್ಮಂಥವರಿಗೆ ನೂರಾದರೂ ಬೇಡವೇ?" ಅಂದ ಮಂತ್ರಿ.

ರಾಜ ಹೂಂ ಅಂದ. ನೂರು ಕಂಬದ ಆನೆಲಾಯ ಎದ್ದಿತು. ಹೆಂಚು ಸಾಲಲಿಲ್ಲ ಅಂತ ಮಕ್ಕಳು ಓದುವ ಶಾಲೆಯ ಮಾಡು ಬಿಚ್ಚಿದರು. ಜನ ಕೇಳಿದರೆ ಮಂತ್ರಿ, "ಆನೆ ಮೊದಲು, ಆಮೇಲೆ ನೀವು" ಅಂದ.

ಮೇವು ಸಾಲಲಿಲ್ಲ ಅಂತ ಬಾಣಂತಿಯರಿಗೆ ಅರಮನೆಯಿಂದ ಬರುತ್ತಿದ್ದ ಬೆಲ್ಲ, ತುಪ್ಪ ನಿಲ್ಲಿಸಿದರು. ಆನೆ ತುಪ್ಪ ತಿನ್ನುತ್ತದೆಯೇ ಅಂತ ರಾಜ ಕೇಳಲಿಲ್ಲ. ಜನ ಕೇಳಿದರು. "ಆನೆ ಮೊದಲು, ಆಮೇಲೆ ನೀವು."

ಕೊನೆಗೆ ಊರಿಗಿದ್ದ ಒಬ್ಬನೇ ವೈದ್ಯ ತಿಮ್ಮಣ್ಣ ಪಂಡಿತನನ್ನೂ ಲಾಯಕ್ಕೆ ಕಳಿಸಿದರು. ಮಂತ್ರಿಯ ಉತ್ತರ ಅದೇ.

ಕೋಟೆ ಬಾಗಿಲ ಹತ್ತಿರ ಮಂಡಕ್ಕಿ ಹುರಿಯುವ ಸಣ್ಣೀರಮ್ಮ ಇದ್ದಳು. ಅವಳ ಮಗಳು ಕೆಂಚಿಗೆ ಜ್ವರ ಬಂತು. ಕಷಾಯ ಕುಡಿಸಿದಳು, ಇಳಿಯಲಿಲ್ಲ. ಒದ್ದೆ ಬಟ್ಟೆ ಹಾಕಿದಳು, ಇಳಿಯಲಿಲ್ಲ. ಮಗು ಕಣ್ಣು ತೇಲಿಸತೊಡಗಿತು. ಸಣ್ಣೀರಮ್ಮ ಅವಳನ್ನು ಎತ್ತಿಕೊಂಡು ಆನೆಲಾಯಕ್ಕೆ ಓಡಿದಳು.

ಕಾವಲುಗಾರ ತಡೆದ. "ಪಂಡಿತರು ನೋಡೋದು ಆನೆಗಳನ್ನು ಮಾತ್ರ ಕಣಮ್ಮ."

"ಇದೂ ಆನೆಮರಿನೇ ಕಣಪ್ಪ."

"ಸೊಂಡಿಲೆಲ್ಲಿ?"

"ಹೊಟ್ಟೆಗಿಲ್ಲದೆ ಸೊರಗಿ ಇಷ್ಟೇ ಉಳಿದಿದೆ" ಅಂತ ಮಗುವಿನ ಮೂಗು ತೋರಿಸಿದಳು.

ಕಾವಲುಗಾರನ ಮನೆಯಲ್ಲೂ ಕೆಮ್ಮುವ ಮಗುವಿತ್ತು. ಬಾಗಿಲು ತೆಗೆದ.

ಒಳಗೆ ನೋಡಿದರೆ ಇದ್ದದ್ದು ಮೂರೇ ಆನೆ. ಮಿಕ್ಕ ಕಂಬಗಳೆಲ್ಲ ಖಾಲಿ. ಪಂಡಿತ ಕೆಲಸವಿಲ್ಲದೆ ತೂಕಡಿಸುತ್ತಿದ್ದ. ಮಗುವನ್ನು ಕಂಡದ್ದೇ ಎದ್ದು ಔಷಧಿ ಅರೆದು ಕೊಟ್ಟ. ಸಂಜೆಗೆ ಕೆಂಚಿಯ ಮೈ ತಣ್ಣಗಾಯಿತು.

"ಉಳಿದ ಆನೆಗಳು ಎಲ್ಲಿ ಪಂಡಿತರೇ?"

"ಅವು ಇಲ್ಲವೇ ಇಲ್ಲ ತಾಯಿ. ಅವುಗಳ ಹೆಸರಲ್ಲಿ ಬಂದದ್ದೆಲ್ಲ ಮಂತ್ರಿಗಳ ಉಗ್ರಾಣ ಸೇರುತ್ತದೆ."

ಮಾರನೆಯ ದಿನ ಸಣ್ಣೀರಮ್ಮ ಊರ ತಾಯಂದಿರನ್ನೆಲ್ಲ ಸೇರಿಸಿದಳು. ಒಂದೊಂದು ಖಾಲಿ ಕಂಬಕ್ಕೂ ಒಂದೊಂದು ಮಗುವನ್ನು ಕೂರಿಸಿದರು. ಮಕ್ಕಳೆಲ್ಲ ಸೇರಿ ಆನೆಗಳ ಹಾಗೆ ಘೀಳಿಟ್ಟರು. ಸದ್ದು ಅರಮನೆಗೆ ಮುಟ್ಟಿ ರಾಜನೇ ಬಂದ. "ಬೇಡಿ ಪ್ರಭು, ಅಲ್ಲಿ ಗಲೀಜು" ಅನ್ನುತ್ತ ಮಂತ್ರಿಯೂ ಹಿಂದೆ ಓಡಿಬಂದ.

"ಏನಮ್ಮ ಇದು?" ಅಂದ ರಾಜ.

"ತಮ್ಮ ಆನೆಗಳು ಮಹಾಪ್ರಭು. ಕಂಬಕ್ಕೊಂದು. ಮಂತ್ರಿಗಳನ್ನೇ ಕೇಳಿ."

"ಗುಂಡಪಯ್ಯ, ಇವು ಆನೆಗಳೋ?"

ಮಂತ್ರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಲ್ಲ ಅಂದರೆ, ಹಾಗಾದರೆ ಆನೆ ಎಲ್ಲಿ ಅಂತ ರಾಜ ಕೇಳುತ್ತಾನೆ. ಬೆವರು ಒರೆಸಿಕೊಂಡು, "ಹೌದು ಪ್ರಭು. ಇದು ಸ್ವಲ್ಪ ಗಿಡ್ಡ ತಳಿ" ಅಂದ.

ರಾಜನಿಗೆ ನಗು ಬಂತು. ಬಗ್ಗಿ ಕೆಂಚಿಯನ್ನು ಎತ್ತಿಕೊಂಡ. ನಗು ಅಲ್ಲೇ ನಿಂತಿತು. ಮಗು ಹತ್ತಿಯಷ್ಟು ಹಗುರ.

"ಇವಳಿಗೆ ಊಟ ಹಾಕೋದಿಲ್ಲವೇನಮ್ಮ?"

"ಮನೆಯಲ್ಲಿ ಇದ್ದಷ್ಟು ಹಾಕ್ತೀನಿ ಪ್ರಭು. ಬೊಕ್ಕಸದಿಂದ ಬರ್ತಿದ್ದದ್ದು ಆನೆಗೆ ಅಂತ ಹೋಯಿತು. ಆನೆಯೂ ತಿನ್ನಲಿಲ್ಲ, ಇವರೂ ತಿನ್ನಲಿಲ್ಲ, ಎಲ್ಲ ಮಂತ್ರಿಗಳ ಉಗ್ರಾಣ ಸೇರಿತು. ನಾಳೆ ಶತ್ರು ಬಂದರೆ ಆ ಮೂರು ಆನೆಗಳ ಮೇಲೆ ಹತ್ತೋರಾದರೂ ಯಾರು?"

ರಾಜ ತಲೆ ತಗ್ಗಿಸಿದ. ಮಂತ್ರಿಯ ಉಗ್ರಾಣ ತೆರೆಸಿದ. ಬೆಲ್ಲ, ತುಪ್ಪ ಬಾಣಂತಿಯರ ಮನೆ ಸೇರಿದವು. ಲಾಯದ ಹೆಂಚು ಶಾಲೆಯ ಮಾಡಿಗೆ ಹೋದವು. ಪಂಡಿತ ಊರೊಳಕ್ಕೆ ಬಂದ.

"ಗುಂಡಪಯ್ಯ, ಇವು ಆನೆಗಳು ಅಂತ ನೀನೇ ಒಪ್ಪಿದ್ದೀಯ. ಇನ್ನು ನೀನೇ ಇವುಗಳ ಮಾವುತ. ದಿನಾ ಮೈ ತೊಳೆಸಿ, ಹೊಟ್ಟೆ ತುಂಬ ಉಣ್ಣಿಸು" ಅಂದ ರಾಜ.

ಆ ಆನೆಗಳೋ ಮಹಾ ತುಂಟವು. ನಾಕೇ ದಿನದಲ್ಲಿ ಮಾವುತನ ಬೆನ್ನ ಮೇಲೇ ಸವಾರಿ ಶುರುಮಾಡಿದವು.

ನೋಡಿದಿರಾ ಮಕ್ಕಳೇ? ನಾಡಿನ ಬೊಕ್ಕಸದಲ್ಲಿ ಮೊದಲ ಪಾಲು ಮನೆಮನೆಯ ಮಕ್ಕಳಿಗೆ ಸಲ್ಲಬೇಕು. ರಾಜನ ಡೌಲಿಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.