ಆಡಬಾರದ ಉತ್ತರ

“ಕೇಳಿರಪ್ಪೋ ಕೇಳಿ! ಹಾಲುಗದ್ದೆ ಸೀಮೆಯ ನೆಲ ಸವಳಾಗಿದೆ, ಪೈರು ನಿಂತಲ್ಲೇ ಸಾಯುತ್ತಿದೆ. ರಾಜಮಾತೆ ನಂಜಾಂಬೆಯವರ ಮೂರು ಒಗಟು ಒಡೆದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಸೋಮವಾರ ಹೋಗುತ್ತದೆ!”

ಡಂಗುರ ಹೀಗೆ ಸಾರಿತು. ತಲೆಯ ಮಾತು ಸೇರಿಸಿದವನು ಅವಳ ಮಗ, ರಾಜ ಮಲ್ಲಭೂಪ. ಶಿಕ್ಷೆಯಿಲ್ಲದಾಗ ಬಂದ ಬುದ್ಧಿವಂತರೆಲ್ಲ ಒಗಟು ಬಿಡಿಸದೆ ಅರಮನೆಯ ಊಟವನ್ನಷ್ಟೇ ಮುಗಿಸಿಕೊಂಡು ಹೋಗಿದ್ದರು. ಈ ರಾಜನ ಮೂಗು ಬಹಳ ಸೂಕ್ಷ್ಮ. ಏಳು ವರ್ಷದ ಹಿಂದೆ ಊರೂರ ತಿಪ್ಪೆಗಳನ್ನೆಲ್ಲ ಹೊಳೆಗೆ ಸುರಿಸಿ, ಆ ಹೆಸರೆತ್ತಿದವರ ನಾಲಿಗೆ ಕೊಯ್ಯುವ ಕಟ್ಟಳೆ ಮಾಡಿದ್ದ.

ಆರು ತಲೆ ಆಗಲೇ ಉರುಳಿದ್ದವು. ಈ ಕಥೆ ಹೇಳುವಾಗ ಮೊದಲೆಲ್ಲ ನಾನು ಎಂಟು ಅನ್ನುತ್ತಿದ್ದೆ, ಈಗ ವಯಸ್ಸಾಯಿತು, ಎರಡು ಬಿಟ್ಟಿದ್ದೇನೆ. ಏಳನೆಯದಕ್ಕೆ ಕಾದು ಸಂಕೋಲೆಯಲ್ಲಿ ಕೂತವನು ಸಿದ್ದ. ಅವನ ತಮ್ಮ ಜವರ, ಹಿಂದೆ ಗೊಬ್ಬರದ ಗಾಡಿ ಹೊಡೆಯುತ್ತಿದ್ದವನು, ಭಾನುವಾರ ಆಸ್ಥಾನಕ್ಕೆ ಬಂದ.

“ನೀನೂ ಯಾಕೋ ಬಂದೆ? ಅವ್ವನಿಗೆ ಒಬ್ಬನಾದರೂ ಬೇಡವೇನೋ?” ಅಂದ ಸಿದ್ದ.

“ಸುಮ್ಮನಿರಣ್ಣ. ನೀನು ಏನಂದೆ ಮೊದಲನೆಯದಕ್ಕೆ?”

“ಅಂಬಿಗ ಅಂದೆ. ಪಂಡಿತರು ತಾವರೆ ಅಂದರು. ಅವರು ಹೋದ ಸೋಮವಾರ ಹೋದರು.”

ಮುದುಕಿ ನಂಜಾಂಬೆ ಕೇಳಿದಳು: “ಕಾಲು ನೀರಲ್ಲಿದೆ, ಗಂಟಲು ಒಣಗಿದೆ. ಯಾರು?”

“ಸವಳು ಗದ್ದೆಯ ಪೈರು, ತಾಯಿ. ನೀರಿದ್ದರೂ ಉಪ್ಪು ಅದನ್ನ ಬೇರಿಗೆ ಬಿಟ್ಟುಕೊಡಲ್ಲ.”

“ಹೂ ಬಿಡುವ ಹೊತ್ತಿಗೇ ಮಣ್ಣು ಮಾಡುತ್ತಾರೆ, ಯಾರೂ ಅಳುವುದಿಲ್ಲ. ಅದು ಸತ್ತಲ್ಲಿ ಪರರ ಮಕ್ಕಳು ಉಣ್ಣುತ್ತಾರೆ.”

“ಸೆಣಬು. ಬೆಳೆಸಿ, ಹೂವಿಗೆ ಬಂದಾಗ ಅಲ್ಲೇ ಉತ್ತು ಹೂಳುತ್ತೀವಿ. ಅದು ಕೊಳೆತ ಮೇಲೆ ಭತ್ತ.”

“ಮನೆಯ ಹೊಲಸೆಲ್ಲ ತಿಂದು ಒಳಗೊಳಗೇ ಬಿಸಿಯಾಗಿ ಮಲಗಿರುತ್ತೆ. ಎದ್ದ ದಿನ ಊರಿಗೇ ಉಣ್ಣಿಸುತ್ತೆ.”

ಜವರ ನಾಲಿಗೆ ಕಚ್ಚಿ ಹಿಡಿದ. ತಳವಾರ ಕತ್ತಿ ಒರೆಸಿಕೊಂಡ.

“ಗೊತ್ತಿಲ್ಲವೋ?” ಎಂದ ರಾಜ.

“ಗೊತ್ತು ಮಹಾಸ್ವಾಮಿ. ಹೇಳಿದರೆ ನನ್ನ ನಾಲಿಗೆ, ಹೇಳದಿದ್ದರೆ ಅಣ್ಣನ ತಲೆ, ನನ್ನದೂ.” ಅಣ್ಣನ ಕಡೆ ನೋಡಿದ. “ತಿಪ್ಪೆ.”

ರಾಜ ಮೂಗಿಗೆ ಹೆಗಲ ವಲ್ಲಿ ಹಿಡಿದು ತಳವಾರನಿಗೆ ಸನ್ನೆ ಮಾಡಿದ.

“ನಿಲ್ಲೋ!” ಮುದುಕಿ ಎದ್ದು ನಿಂತಳು. “ಮಗನಿಗೆ ನೇರ ಹೇಳಲು ಹೆದರಿ ಒಗಟು ಕಟ್ಟಿದೆ. ನನ್ನ ಹೆದರಿಕೆಗೆ ಆರು ತಲೆ ಹೋದವು. ಮೊದಲು ನನ್ನ ನಾಲಿಗೆ ಕೊಯ್ಯಿಸು. ತಿಪ್ಪೆ, ತಿಪ್ಪೆ, ತಿಪ್ಪೆ!”

ರಾಜನ ಕೈಯಿಂದ ವಲ್ಲಿ ಜಾರಿತು.

“ಅದರಿಂದ ಉಪ್ಪು ಹೋಗುತ್ತೇನೋ?” ಎಂದು ಮೆಲ್ಲಗೆ ಕೇಳಿದ.

“ತಾನಾಗಿ ಹೋಗಲ್ಲ ಸ್ವಾಮಿ. ಕೊಳೆತ ಗೊಬ್ಬರ ಬಿದ್ದರೆ ಮಣ್ಣು ಸಡಿಲಾಗುತ್ತೆ, ಬೇರು ಉಸಿರಾಡುತ್ತೆ. ಮಳೆನೀರು ಇಳಿದು ಉಪ್ಪನ್ನ ಬಸಿಗಾಲುವೆಗೆ ತಳ್ಳುತ್ತೆ. ಉಳಿದದ್ದನ್ನ ಪೈರು ತಾಳಿಕೊಳ್ಳುತ್ತೆ. ವರ್ಷಗಳು ಬೇಕು.”

“ಏನು ಬೇಕು, ಕೇಳು.”

“ಅಣ್ಣ ಬೇಕು. ಮತ್ತೆ ಮೊದಲ ತಿಪ್ಪೆ ಅರಮನೆ ಅಂಗಳದಲ್ಲೇ ಆಗಬೇಕು.”

ಸಿದ್ದನ ಸಂಕೋಲೆ ಕಳಚಿತು. ಮೊದಲ ಬುಟ್ಟಿ ಹೊತ್ತವಳು ರಾಜಮಾತೆ. ತಲೆ ಹೋದ ಆರು ಮನೆಗಳ ಗದ್ದೆಗೇ ಮೊದಲು ಗೊಬ್ಬರ ಹೋಗಲಿ ಅಂದಳು, ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ. ಮರುವರ್ಷ ಅರ್ಧ ಗದ್ದೆಯಷ್ಟೇ ಹಸಿರಾಯಿತು.

ಅಂಗಳದ ತಿಪ್ಪೆ ಈಗಲೂ ಅಲ್ಲೇ ಇದೆ. ನನ್ನ ಮಾತು ನಂಬದವರು ಹೋಗಿ ಮೂಸಿ ಬನ್ನಿ.