ಭರವಸೆ ಕೋಠಿಗಳ ಮೇಲ್ವಿಚಾರಕ

ಕಡಲೂರಿನ ರಾಣಿ ಹೊನ್ನಾಂಬೆ ಡಂಗುರ ಸಾರಿಸಿದಳು. ದೋಣಿ ಮುಳುಗಿದರೆ ನಷ್ಟ ತುಂಬಿಕೊಡುತ್ತೇವೆಂದು ಮಾತು ಕೊಟ್ಟು, ವರ್ಷವರ್ಷವೂ ಕಂತು ಕಟ್ಟಿಸಿಕೊಳ್ಳುವ ಭರವಸೆ ಕೋಠಿಗಳಿಗೆ ಒಬ್ಬ ಮೇಲ್ವಿಚಾರಕ ಬೇಕು. ಮೂರು ಒಗಟು ಬಿಡಿಸಿದವನಿಗೆ ಆ ಹುದ್ದೆ. ತಪ್ಪಿದವನ ತಲೆ ಸಂಜೆಗೆ ಉರುಳುತ್ತದೆ.

ಕೊಂಡವನೇ ಕೈಗೆ ಬಾರದಿರಲೆಂದು ಬೇಡಿಕೊಳ್ಳುವ ಸರಕು ಯಾವುದು ಎಂಬುದು ಮೊದಲನೆಯದು. ಕೋಠಿಯ ಭರವಸೆ ಎಂದು ಹುದ್ದೆ ಬಯಸಿ ಬಂದಿದ್ದ ದಳವಾಯಿ ಬೊಮ್ಮರಸ, ದಾಮೋದರ ಪಂಡಿತರು ಇಬ್ಬರೂ ಸುಲಭವಾಗಿ ಹೇಳಿದರು.

ರಾಣಿ ಎರಡನೆಯದನ್ನು ಕೇಳಿದಳು: "ಕಟ್ಟಳೆ ಬರೆಯುತ್ತಾನೆ, ಅರಸನಲ್ಲ. ಬೀಗ ಒಡೆದು ಕಡತ ನೋಡುತ್ತಾನೆ, ಸೈನಿಕನಲ್ಲ. ದಂಡ ಹಾಕುತ್ತಾನೆ, ನ್ಯಾಯಾಧೀಶನಲ್ಲ. ಆ ಮೇಲ್ವಿಚಾರಕನನ್ನು ಸಭೆಯಲ್ಲಿ ಯಾರ ಸಾಲಿನಲ್ಲಿ ಕೂರಿಸಲಿ?"

ಸೈನಿಕರ ಸಾಲಿನಲ್ಲಿ ಎಂದ ದಳವಾಯಿ. ನ್ಯಾಯಾಧೀಶರ ಸಾಲಿನಲ್ಲಿ ಎಂದರು ಪಂಡಿತರು. ಇಬ್ಬರಿಗೂ ಬೇಡಿ ಬಿತ್ತು.

ದೋಣಿಯ ಹಲಗೆ ಸಂದಿಗೆ ನಾರು ತುರುಕುವ ಕುಪ್ಪ ಗುಂಪಿನಲ್ಲಿದ್ದ. ಅವನಿಗೆ ಅಕ್ಷರ ಕಲಿಸಿದವರು ಪಂಡಿತರು. ಅವರ ಜೀವ ಉಳಿಸಲು ದಾರಿ ಸಿಕ್ಕೀತೆಂದು ಮುಂದೆ ಬಂದ.

"ನಾರು ತುರುಕೋ ಕೈಗೆ ಮೇಲ್ವಿಚಾರಕನ ಮುದ್ರೆ ಬೇಕೇನೋ?" ಎಂದ ದಳವಾಯಿ, ಬೇಡಿಯಲ್ಲೇ.

ಕುಪ್ಪ ಮೊದಲನೆಯದಕ್ಕೆ ಅದೇ ಉತ್ತರ ಕೊಟ್ಟು, ಎರಡನೆಯದಕ್ಕೆ ಬಂದ. "ಯಾರ ಸಾಲಿನಲ್ಲೂ ಬೇಡ, ತಾಯಿ. ಮೂವರ ಕೆಲಸದಲ್ಲೂ ಒಂದಿಷ್ಟು ತೆಗೆದು ಅವನಿಗೆ ಕೊಟ್ಟಿದ್ದೀರಿ. ಕೊಟ್ಟಷ್ಟೇ ಅವನದು. ಬೇರೆ ಮಣೆ ಹಾಕಿಸಿ."

ರಾಣಿ ಮೂರನೆಯದನ್ನು ಕೇಳಿದಳು. ಕೋಠಿಯ ಯಜಮಾನ ಕಳ್ಳ. ಕೋಠಿ ಮುಚ್ಚಿಸಿದರೆ ಕಂತು ಕಟ್ಟಿದವರು ಹಾಳು, ಅವನ ಕೈಯಲ್ಲೇ ಬಿಟ್ಟರೂ ಹಾಳು. ಆಗೇನು ಮಾಡಬೇಕು?

"ದೋಣಿ ಸೋರುತ್ತದೆಂದು ಜನರ ಸಮೇತ ಮುಳುಗಿಸುತ್ತಾರೆಯೇ? ಯಜಮಾನನ ಕೈಯಿಂದ ಚುಕ್ಕಾಣಿ ಕಿತ್ತುಕೊಳ್ಳಬೇಕು. ಹೊಸಬರನ್ನು ಹತ್ತಿಸಬಾರದು. ಇರುವವರನ್ನು ದಡ ಮುಟ್ಟಿಸಬೇಕು."

ರಾಣಿ ಎದ್ದು ಬಂದು ಮುದ್ರೆಯನ್ನು ಅವನ ಅಂಗೈಯಲ್ಲಿಟ್ಟಳು. ಹೊರಗೆ ಹೊತ್ತು ಇಳಿಯುತ್ತಿತ್ತು.

"ತಾಯಿ, ಇವರಿಬ್ಬರು ತಪ್ಪಿದ್ದು ನನ್ನ ಹುದ್ದೆಯ ಪರೀಕ್ಷೆಯಲ್ಲಿ. ಈ ವಿಚಾರಣೆ ನನಗೆ ಸೇರುತ್ತದೆಯೇ?"

ರಾಣಿ ಸ್ವಲ್ಪ ಯೋಚಿಸಿ, ಸೇರುತ್ತದೆ ಎಂದಳು.

"ಹಾಗಾದರೆ ದಂಡವಷ್ಟೇ ಹಾಕಬಲ್ಲೆ. ತಲೆ ತೆಗೆಯುವ ಅಧಿಕಾರ ನೀವು ನನಗೆ ಕೊಟ್ಟಿಲ್ಲ."

ರಾಣಿ ನಕ್ಕಳು. "ಮೊದಲ ದಿನವೇ ನನ್ನ ಕತ್ತಿಗೆ ಬೀಗ ಹಾಕಿದೆಯಲ್ಲ."

ಒಂದು ವರ್ಷ ಕೋಠಿ ಕೋಠಿಗೂ ನೋಟೀಸು ಹೊತ್ತು ತಿರುಗುವುದು ದಳವಾಯಿಗೆ ದಂಡ. ಬೆಸ್ತರಿಗೂ ಅರ್ಥವಾಗುವ ಮಾತಿನಲ್ಲಿ ಕಟ್ಟಳೆ ಬರೆದುಕೊಡುವುದು ಪಂಡಿತರಿಗೆ. ಪಂಡಿತರು ಕೊರಳು ಸವರಿಕೊಂಡು ಓಲೆಗರಿ ತರಿಸಿದರು. ಮೊದಲ ಸಾಲು ತೀರಾ ಕಠಿಣವಾಯಿತೆಂದು ಕುಪ್ಪ ಅದನ್ನು ತಿದ್ದಿಸಿದ.