ಕೆರೆ ಕೆಂಪಾದದ್ದು

ವರದಾಚಾರ್ ಮೇಷ್ಟ್ರಿಗೆ ಒಂದು ಅಭ್ಯಾಸ. ಯಾವ ಚಿತ್ರ ಕೊಟ್ಟರೂ ಮೊದಲು ತೋಳುದ್ದ ದೂರ ಹಿಡಿದು ನೋಡುವರು, ಆಮೇಲೆ ಮೂಗಿಗೆ ತಾಗುವಷ್ಟು ಹತ್ತಿರ ತರುವರು. ‘ಮೇಷ್ಟ್ರು ದೋಸೆಯನ್ನೂ ಹೀಗೇ ನೋಡ್ತಾರೇನೋ’ ಎಂದು ಶಿಷ್ಯೆ ಇಂಚರಾ ಒಳಗೊಳಗೇ ನಗುತ್ತಿದ್ದಳು.

ಉಪಗ್ರಹ ಕಳಿಸಿದ ಚಿತ್ರಗಳನ್ನು ಓದುವುದು ಅವರ ಕೆಲಸ. ಎಲೆ, ನೀರು, ಮಣ್ಣು ಒಂದೊಂದೂ ಬಿಸಿಲನ್ನು ಒಂದೊಂದು ರೀತಿ ಹಿಂದಕ್ಕೆ ಎಸೆಯುತ್ತವೆ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಉಪಗ್ರಹ ಮೇಲಿನಿಂದಲೇ ಹಿಡಿದುಕೊಳ್ಳುತ್ತದೆ. ಆ ಚಿತ್ರದಲ್ಲಿ ಸೊಂಪಾದ ಹಸಿರು ಕಡುಕೆಂಪಾಗಿ, ತಿಳಿನೀರು ಕಪ್ಪಾಗಿ ಕಾಣುತ್ತದೆ.

ಒಂದು ದಿನ ಹಂಸನಕೆರೆಯ ಚಿತ್ರ ತೆರೆದವಳೇ ಇಂಚರಾ ಕುರ್ಚಿಯಿಂದ ಎದ್ದೇಬಿಟ್ಟಳು. ಹೋದ ವರ್ಷ ಕಪ್ಪಗಿದ್ದ ಕೆರೆ ಈಗ ಕೆಂಪೋ ಕೆಂಪು!

“ಸಾರ್, ಕೆರೆ ಚಿಗುರಿದೆ! ಆರೋಗ್ಯವಾಗಿದೆ ಅಂತ ವರದಿ ಕಳಿಸಿಬಿಡ್ಲಾ?”

ಅವಳು ಅಚ್ಚು ಹಾಕಿ ಕೊಟ್ಟ ಚಿತ್ರವನ್ನು ಮೇಷ್ಟ್ರು ದೂರ ಹಿಡಿದರು. ಹತ್ತಿರ ತರಲಿಲ್ಲ, ಚಪ್ಪಲಿ ಮೆಟ್ಟಿದರು.

“ಇದನ್ನ ಹತ್ತಿರದಿಂದ ನೋಡೋಕೆ ನನ್ನ ಮೂಗು ಸಾಲದು ಕಣಮ್ಮ. ನಡಿ ಹೋಗೋಣ.”

ದಂಡೆಯ ಮೇಲೆ ಮೀನು ಹಿಡಿಯುವ ಜವರವ್ವ ತೆಪ್ಪ ಬೋರಲು ಹಾಕಿ ಕೂತಿದ್ದರು. ನೀರೇ ಕಾಣದಂತೆ ಅಂತರಗಂಗೆ ಕಳೆ ಹಬ್ಬಿತ್ತು.

“ಮೀನು ಉಸಿರುಕಟ್ಟಿ ಸಾಯ್ತಾವೆ ಕಣವ್ವ. ಬಲೆ ಎಳುದ್ರೆ ಬರೀ ಸೊಪ್ಪು. ಮುಂದ್ಲೊರ್ಸನೂ ಹಿಂಗೇ ಆದ್ರೆ ಈ ತೆಪ್ಪನ ಒಲೆಗೆ ಇಕ್ಕಬೇಕು ಅಷ್ಟೆ.”

ಈಗ ಕೆಂಪಾದದ್ದು ಇಂಚರಾಳ ಮುಖ. ಕಳೆಯೂ ಹಸಿರೇ ಅಲ್ಲವೆ!

“ಎಲ್ಲಿಂದ ಶುರುವಾಯ್ತು ಅಜ್ಜಿ ಇದು?”

“ಯಾರ್ಗೊತ್ತು? ಕಣ್ಣು ಮುಚ್ಚಿ ಬಿಡೋದ್ರೊಳಗೆ ತುಂಬ್ಕತ್ತು.”

ಇಂಚರಾಳಿಗೆ ಏನೋ ಹೊಳೆಯಿತು. ತೆಪ್ಪದ ಬೆನ್ನಿನ ಮೇಲೇ ಲ್ಯಾಪ್‌ಟಾಪ್ ಇಟ್ಟು, ತಿಂಗಳು ತಿಂಗಳಾಗಿ ಹಿಂದಿನ ಚಿತ್ರಗಳಿಗೆ ಹೋದಳು. ಕೆಂಪು ಕುಗ್ಗಿತು, ಇನ್ನೂ ಕುಗ್ಗಿತು. ಕೊನೆಗೆ ಕೆರೆಯ ಒಂದು ಮೂಲೆಯಲ್ಲಿ ಕುಂಕುಮದ ಬೊಟ್ಟಿನಂತೆ ನಿಂತಿತು. ಮೂವರೂ ಆ ಮೂಲೆಗೆ ಓಡಿದಂತೆಯೇ ನಡೆದರು. ಪೊದೆ ಸರಿಸಿದರೆ, ಹೊಸ ಬಡಾವಣೆಯ ಚರಂಡಿ!

“ಸಾರ್, ಸಿಕ್ತು! ಈ ಕೊಳಕೇ ಕಳೆಗೆ ಗೊಬ್ಬರ!” ಹುಡುಗಿಯ ಕೂಗಿಗೆ ಬೆಳ್ಳಕ್ಕಿಗಳು ಹಾರಿದವು. ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಜವರವ್ವ ಮಾತ್ರ ಚರಂಡಿ ನೋಡಿದರು, ಆಕಾಶ ನೋಡಿದರು, ಇಂಚರಾಳ ಕೈ ಹಿಡಿದುಕೊಂಡರು.

“ಅಷ್ಟೆತ್ರದಿಂದ ಕಂಡದೆ ಅಂದ್ಮೇಲೆ, ಇದನ್ನ ಮುಚ್ಚುಸ್ಕೊಡವ್ವ.”

ನೀತಿ: ಎಲ್ಲಿ ಎಂಬುದನ್ನು ದೂರದ ಕಣ್ಣು ಹೇಳುತ್ತದೆ, ಏನು ಎಂಬುದನ್ನು ಹತ್ತಿರದ ಕಣ್ಣು ಹೇಳುತ್ತದೆ. ಎರಡೂ ಹೇಳಿದ ಮೇಲೂ ಕೈ ಕಟ್ಟಿ ಕೂತರೆ, ಕಂಡದ್ದೆಲ್ಲ ದಂಡ.